ನೃಪತುಂಗನ ಕಾಲದ ಒಂದು ಸಂಖ್ಯೆ: 'ಗಣಿತಸಾರಸಂಗ್ರಹ'ದ ೧೨೩೪೫೬೫೪೩೨೧

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ (ಕ್ರಿ.ಶ. ೮೧೪-೮೭೮) ನೆರಳಿನಲ್ಲಿ ರೂಪುಗೊಂಡ ಗ್ರಂಥಗಳಲ್ಲಿ 'ಕವಿರಾಜಮಾರ್ಗ'ಕ್ಕೆ ದೊರೆತಷ್ಟು ವಿದ್ವತ್ ಗಮನ ಕನ್ನಡ ನಾಡಿನಲ್ಲಿ ಬೇರಾವುದಕ್ಕೂ ದೊರೆತಿಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡೇ ಕನ್ನಡದ ತಿರುಳು ಎಂದು ಆ ಗ್ರಂಥ ಗುರುತಿಸಿದೆ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಶಿರಹಟ್ಟಿ, ಮಾಗಡಿ ಮೊದಲಾದ ಊರುಗಳು ಅದರ ನೆರೆಯವು. ಆದರೆ ಅದೇ ದೊರೆಯನ್ನು ಆರಂಭದ ಪದ್ಯಗಳಲ್ಲಿಯೇ ಹೊಗಳಿ ಹೊರಡುವ ಇನ್ನೊಂದು ಗ್ರಂಥ, ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ', ಸಂಸ್ಕೃತದಲ್ಲಿದೆ ಎಂಬ ಒಂದೇ ಕಾರಣದಿಂದ ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಒಂದೆರಡು ಸಾಲಿನ ಉಲ್ಲೇಖಕ್ಕೆ ಮುಗಿದುಹೋಗುತ್ತದೆ. ಗಣಿತದ ಚರಿತ್ರೆಯನ್ನು ಬರೆಯುವವರು ಅದನ್ನು ಗೌರವದಿಂದ ಕಂಡಿದ್ದರೂ, ಅದರಲ್ಲಿರುವ ಕೆಲವು ವಿಶಿಷ್ಟ ಸಂಖ್ಯೆಗಳನ್ನು ವಿನೋದದ ಸಾಮಗ್ರಿ ಎಂಬಂತೆ ಪಟ್ಟಿಮಾಡಿ ಮುಂದೆ ಸಾಗಿದ್ದಾರೆ. ಆ ಸಂಖ್ಯೆಗಳಲ್ಲಿ ಒಂದಾದ ೧೨೩೪೫೬೫೪೩೨೧ನ್ನು ಬಿಡಿಸಿ ನೋಡಿದರೆ, ಅದರ ಹಿಂದೆ ಕೇವಲ ವಿನೋದವಿತ್ತೋ ಅಥವಾ ಸಂಖ್ಯೆಗಳ ಒಳರಚನೆಯ ಅರಿವೂ ಇತ್ತೋ ಎಂಬ ಪ್ರಶ್ನೆ ಏಳುತ್ತದೆ.

ಆ ಕಾಲದ ಕನ್ನಡ ನಾಡಿನಲ್ಲಿ ಸಂಖ್ಯೆ ಎಂಬುದು ಪಂಡಿತರಿಗಷ್ಟೇ ಸೇರಿದ ವಸ್ತುವಾಗಿರಲಿಲ್ಲ. ನಾಡಿನ ಹೆಸರಿಗೇ ಸಂಖ್ಯೆ ಅಂಟಿಕೊಂಡಿತ್ತು. ಪುಲಿಗೆರೆ-೩೦೦, ಬೆಳ್ವೊಲ-೩೦೦, ಬನವಾಸಿ-೧೨೦೦೦, ಗಂಗವಾಡಿ-೯೬೦೦೦ ಎಂಬ ರೂಪಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವು ಗ್ರಾಮಗಳ ಎಣಿಕೆಯೋ, ಉತ್ಪನ್ನದ ಲೆಕ್ಕವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗಂಗವಾಡಿಯಂತಹ ನಾಡಿನಲ್ಲಿ ೯೬೦೦೦ ಹಳ್ಳಿಗಳಿದ್ದವೆಂದು ನಂಬುವುದಂತೂ ಕಷ್ಟ. ದತ್ತಿಯ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ, ಹಣವನ್ನು ಗದ್ಯಾಣ, ಪಣಗಳಲ್ಲಿ ಅಳೆದು ಕಲ್ಲಿನ ಮೇಲೆ ಕಂಡರಿಸುತ್ತಿದ್ದರು. ಲಕ್ಷ್ಮೇಶ್ವರದ ಶಂಖ ಬಸದಿ, ಕ್ರಿ.ಶ. ೯೦೨-೦೩ರ ಶಾಸನದಲ್ಲಿ ಕಾಣುವ ಮುಳಗುಂದದ ಜಿನಾಲಯ, ೧೦೦೭ರಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇವೆಲ್ಲ ಇಂತಹ ಲೆಕ್ಕದ ಮೇಲೆ ನಿಂತ ಸಂಸ್ಥೆಗಳು. ಮಹಾವೀರಾಚಾರ್ಯನು ತನ್ನ ಊರನ್ನು ಗ್ರಂಥದಲ್ಲಿ ಹೇಳಿಕೊಂಡಿಲ್ಲವಾದುದರಿಂದ ಅವನನ್ನು ಯಾವುದೇ ಒಂದು ಊರಿಗೆ ಕಟ್ಟಿಹಾಕುವುದು ಸಲ್ಲದು. ಆದರೆ ಆದಿಪುರಾಣದ ಜಿನಸೇನ, ವೈಯಾಕರಣ ಶಾಕಟಾಯನ ಇವರಿದ್ದ ಜೈನ ವಿದ್ವತ್ ಪರಿಸರವೇ ಅವನದೂ ಎಂಬುದರಲ್ಲಿ ಸಂಶಯವಿಲ್ಲ. ಸಂಗೀತ, ವೈದ್ಯ, ವಾಸ್ತು, ಪಾಕಶಾಸ್ತ್ರಗಳವರೆಗೆ ಎಲ್ಲೆಡೆ ಗಣಿತದ ಪ್ರಯೋಜನವಿದೆ ಎಂದು ಅವನು ಪೀಠಿಕೆಯಲ್ಲಿ ಹೇಳುವ ಮಾತು ಆ ಪರಿಸರದಿಂದಲೇ ಬಂದದ್ದು.

ಗ್ರಂಥದ ಮೊದಲ ಭಾಗ ಸಂಜ್ಞೆಗಳದು. ಅಲ್ಲಿ ಸ್ಥಾನಗಳಿಗೆ ಇಪ್ಪತ್ತನಾಲ್ಕು ಹೆಸರುಗಳಿವೆ. ಏಕದಿಂದ ತೊಡಗಿ ದಶ, ಶತ, ಸಹಸ್ರಗಳನ್ನು ದಾಟಿ, ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖಗಳ ಮೂಲಕ ಮಹಾಕ್ಷೋಭದಲ್ಲಿ ಆ ಸಾಲು ನಿಲ್ಲುತ್ತದೆ. ಮಹಾಕ್ಷೋಭವೆಂದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ಅನಂತರ ಪರಿಕರ್ಮ ವ್ಯವಹಾರ. ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ, ವ್ಯುತ್ಕಲಿತ ಎಂಬ ಎಂಟು ಕ್ರಿಯೆಗಳು ಇಲ್ಲಿ ಬರುತ್ತವೆ. ಸಾಮಾನ್ಯ ಕೂಡುವುದು, ಕಳೆಯುವುದು ಓದುಗನಿಗೆ ಗೊತ್ತಿರುವುದೆಂದೇ ಗ್ರಂಥಕಾರನ ಭಾವನೆ.

ಗುಣಾಕಾರದ ಉದಾಹರಣೆಗಳಲ್ಲಿಯೇ 'ಹಾರ'ದ ಸಂಖ್ಯೆಗಳು ಕಾಣಿಸಿಕೊಳ್ಳುತ್ತವೆ. ಏಕಸ್ಥಾನದಿಂದ ಮೇಲಕ್ಕೆ ೩, ೪, ೧, ೭, ೮, ೨, ೪, ೧ ಎಂದು ಬರೆದು ಏಳರಿಂದ ಗುಣಿಸು, ರತ್ನಹಾರ ಬರುತ್ತದೆ ಎಂಬುದು ಒಂದು ಲೆಕ್ಕದ ತಾತ್ಪರ್ಯ. ೧೪೨೮೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೧೦೦೦೧ ಆಗುತ್ತದೆ. ದಾರದಲ್ಲಿ ದೂರ ದೂರ ಪೋಣಿಸಿದ ಮೂರು ಮಣಿಗಳಂತೆ. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧; ಇದು ರಾಜಕುಮಾರನಿಗೆ ಒಪ್ಪುವ ಹಾರವಂತೆ. ೧೨೩೪೫೬೭೯ನ್ನು ೯ರಿಂದ ಗುಣಿಸಿ ಒಂಬತ್ತು ಒಂದುಗಳನ್ನು ಪಡೆಯುವ ಲೆಕ್ಕಕ್ಕೆ ನರಪಾಲನ ಕಂಠಾಭರಣವೆಂಬ ಹೆಸರಿದೆ. ೧೩೯ ಮತ್ತು ೧೦೯ರ ಗುಣಲಬ್ಧ ೧೫೧೫೧. ೧೫೨೨೦೭ ಮತ್ತು ೭೩ರದು ಎಂಟು ಒಂದುಗಳು. ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ಇದೇ ಗುಂಪಿಗೆ ಸೇರಿದುದು ೨೭೯೯೪೬೮೧ ಮತ್ತು ೪೪೧ರ ಗುಣಲಬ್ಧವಾದ ೧೨೩೪೫೬೫೪೩೨೧.

ಹಾರ ಎಂಬ ಹೋಲಿಕೆಯನ್ನು ಕೇವಲ ಕವಿಸಮಯವೆಂದು ತಳ್ಳಿಹಾಕುವಂತಿಲ್ಲ. ರಾಷ್ಟ್ರಕೂಟರ ರಾಜನೀತಿಯಲ್ಲಿ ಕಂಠಿಕೆ ಯುವರಾಜ ಪದವಿಯ ಲಾಂಛನವಾಗಿತ್ತು. ಅಮೋಘವರ್ಷನ ತಂದೆ ಮೂರನೆಯ ಗೋವಿಂದನಿಗೆ ಅವನ ತಂದೆ ಧ್ರುವನು ರಾಜ್ಯವನ್ನೇ ಒಪ್ಪಿಸಲು ಮುಂದಾದಾಗ, ತನಗೆ ಈಗಾಗಲೇ ಕೊಟ್ಟಿರುವ ಕಂಠಿಕೆಯೇ ಸಾಕು ಎಂದು ಅವನು ಹೇಳಿದನೆಂದು ತಾಮ್ರಶಾಸನಗಳು ವರ್ಣಿಸುತ್ತವೆ. ಅಂತಹ ಆಸ್ಥಾನದ ನೆರಳಿನಲ್ಲಿ ಬರೆಯುತ್ತಿದ್ದ ಗಣಿತಜ್ಞನು ಸಂಖ್ಯೆಯನ್ನು ರಾಜಕುಮಾರನ ಕೊರಳಿಗೆ ತಕ್ಕುದೆಂದು ಕರೆದಾಗ, ಓದುಗರಿಗೆ ಆ ಮಾತಿನ ತೂಕ ಇಂದಿಗಿಂತ ಹೆಚ್ಚಾಗಿಯೇ ತಿಳಿದಿದ್ದೀತು.

ಇನ್ನು ಸಂಖ್ಯೆಯ ನಿರೂಪಣೆಯನ್ನು ನೋಡಬಹುದು. ಸ್ಥಾನನಾಮಗಳಿಂದ ಹೇಳುವುದಾದರೆ ಇದು ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಇಂದಿನ ಮಾತಿನಲ್ಲಿ ೧೨೩೪ ಕೋಟಿ ೫೬ ಲಕ್ಷದ ೫೪ ಸಾವಿರದ ೩೨೧. ಮಹಾವೀರಾಚಾರ್ಯನು ಈ ದಾರಿಯನ್ನು ಹಿಡಿಯಲಿಲ್ಲ. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ರಾಶಿ ಎಂದಷ್ಟೇ ಅವನ ವರ್ಣನೆ. ಸ್ಥಾನಗಳ ಹೆಸರೇ ಇಲ್ಲದೆ ಅಂಕಗಳ ಏರಿಳಿತದಿಂದಲೇ ಸಂಖ್ಯೆ ಅರ್ಥವಾಗಬೇಕಾದರೆ, ಸ್ಥಾನಮೌಲ್ಯ ಪದ್ಧತಿ ಓದುಗನ ರಕ್ತದಲ್ಲಿ ಬೆರೆತಿರಬೇಕು. ಒಂಬತ್ತನೆಯ ಶತಮಾನದ ನಡುವೆ ದಕ್ಷಿಣಾಪಥದಲ್ಲಿ ಈ ಪದ್ಧತಿ ಎಷ್ಟು ಸಹಜವಾಗಿತ್ತು ಎಂಬುದಕ್ಕೆ ಇಂತಹ ಒಂದು ಪದಗುಚ್ಛ ಹತ್ತು ವಿವರಣೆಗಳಿಗಿಂತ ಬಲವಾದ ಸಾಕ್ಷ್ಯ.

ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಪ್ರಾಚೀನ ಗಣಿತಗ್ರಂಥಗಳಲ್ಲಿ ಅಂಕಗಳನ್ನು ಏಕಸ್ಥಾನದಿಂದ ತೊಡಗಿ ಎಡಕ್ಕೆ ಸಾಗುವಂತೆ ಹೇಳುವುದು ರೂಢಿ. ಮೇಲೆ ಕಂಡ ೩, ೪, ೧, ೭ ಎಂಬ ಸಾಲು ಅದಕ್ಕೆ ನಿದರ್ಶನ. ಕೇಳಿದವನು ದಿಕ್ಕು ತಪ್ಪಿದರೆ ಸಂಖ್ಯೆಯೇ ಬೇರೆಯಾಗುತ್ತದೆ. ಆದರೆ ೧೨೩೪೫೬೫೪೩೨೧ನ್ನು ಯಾವ ತುದಿಯಿಂದ ಓದಿದರೂ ಅದೇ. ಓಲೆಗರಿಯ ಪ್ರತಿಕಾರನ ಕೈಯಲ್ಲಿ ಒಂದು ಅಂಕ ಬಿಟ್ಟುಹೋದರೆ ಅಥವಾ ಬದಲಾದರೆ ಹಾರದ ಸಮತೆ ಕೆಟ್ಟು ತಪ್ಪು ತಾನಾಗಿಯೇ ಬಯಲಾಗುತ್ತದೆ. ಲೆಕ್ಕ ಮಾಡುವ ವಿದ್ಯಾರ್ಥಿಗೂ ಹಾಗೆಯೇ. ಉತ್ತರ ಸರಿಯೇ ಎಂದು ಗುರುವನ್ನು ಕೇಳುವ ಅಗತ್ಯವಿಲ್ಲ. ಕಾವ್ಯಮೀಮಾಂಸೆಯಲ್ಲಿ ಇದರ ಸೋದರ ರೂಪವಿದೆ. 'ಕವಿರಾಜಮಾರ್ಗ'ವು ಬಹುಮಟ್ಟಿಗೆ ಅನುಸರಿಸುವ ದಂಡಿಯ 'ಕಾವ್ಯಾದರ್ಶ'ದಲ್ಲಿ ಹಿಂದುಮುಂದಾಗಿ ಓದಬಹುದಾದ ಪ್ರತಿಲೋಮ ಯಮಕದ ವಿವೇಚನೆ ಬರುತ್ತದೆ. ಒಂದೇ ಆಸ್ಥಾನದ ವಿದ್ವಾಂಸರು ಅಕ್ಷರಗಳಲ್ಲಿ ಮೆಚ್ಚಿದ ಚಮತ್ಕಾರವನ್ನು ಅಂಕಗಳಲ್ಲಿಯೂ ಮೆಚ್ಚಿದುದು ಆಶ್ಚರ್ಯವಲ್ಲ.

ಈಗ ಸಂಖ್ಯೆಯ ಒಡಲಿಗೆ ಬರಬಹುದು. ೧೨೩೪೫೬೫೪೩೨೧ ಒಂದು ಪೂರ್ಣ ವರ್ಗ. ಅದರ ಮೂಲ ೧೧೧೧೧೧. ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಆರು ಬಾರಿ ಬರೆದು ಕೂಡಿದರೆ, ತುದಿಯ ಕಂಬಸಾಲಿನಲ್ಲಿ ಒಂದು, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಇಳಿದು ಒಂದು ಬರುತ್ತದೆ. ಯಾವ ಸ್ಥಾನದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕ ಏರುವ ಪ್ರಸಂಗವೇ ಇಲ್ಲ. ಇಷ್ಟು ಸುಲಭವಾಗಿ ದೊರೆಯುವ ಫಲವನ್ನು ಮಹಾವೀರಾಚಾರ್ಯನು ೧೧೧೧೧೧ನ್ನು ತನ್ನಿಂದಲೇ ಗುಣಿಸಿ ಏಕೆ ಪಡೆಯಲಿಲ್ಲ? ಹಾಗೆ ಮಾಡಿದ್ದರೆ ಉತ್ತರ ಪ್ರಶ್ನೆಯಲ್ಲಿಯೇ ಕಾಣುತ್ತಿತ್ತು. ಅವನು ಕೊಟ್ಟಿರುವ ೨೭೯೯೪೬೮೧ ಎಂಬ ಗುಣ್ಯದಲ್ಲಾಗಲಿ ೪೪೧ ಎಂಬ ಗುಣಕದಲ್ಲಾಗಲಿ ಯಾವ ಕ್ರಮವೂ ಮೇಲ್ನೋಟಕ್ಕೆ ಕಾಣದು. ಕ್ರಮವಿಲ್ಲದ ಎರಡು ರಾಶಿಗಳಿಂದ ಕ್ರಮಬದ್ಧವಾದ ಹಾರ ಹುಟ್ಟುವುದೇ ಲೆಕ್ಕದ ಸ್ವಾರಸ್ಯ.

ಆದರೆ ಆ ಎರಡು ರಾಶಿಗಳು ಎಲ್ಲಿಂದ ಬಂದವು? ೧೧೧೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭. ಇವುಗಳಲ್ಲಿ ಮೊದಲಿನ ಎರಡರ ಗುಣಲಬ್ಧ ೨೧; ಉಳಿದ ಮೂರರದು ೫೨೯೧. ೨೧ರ ವರ್ಗ ೪೪೧; ೫೨೯೧ರ ವರ್ಗ ೨೭೯೯೪೬೮೧. ಅಂದರೆ ಮಹಾವೀರಾಚಾರ್ಯನ ಗುಣ್ಯ, ಗುಣಕಗಳೆರಡೂ ಪೂರ್ಣ ವರ್ಗಗಳು. ಹೆಚ್ಚಿನವರು ಗುಣಲಬ್ಧದ ಚೆಲುವನ್ನು ಕಂಡು ಅಲ್ಲಿಯೇ ನಿಂತುಬಿಟ್ಟಿರುವುದರಿಂದ ಈ ಅಂಶಕ್ಕೆ ಸಲ್ಲಬೇಕಾದ ಮಹತ್ವ ಸಂದಿಲ್ಲ. ಈ ವರ್ಗಕ್ಕೆ ಒಟ್ಟು ೨೪೩ ಭಾಜಕಗಳಿವೆ; ಅದನ್ನು ಎರಡು ರಾಶಿಗಳ ಗುಣಲಬ್ಧವಾಗಿ ಒಡೆಯುವ ದಾರಿಗಳು ನೂರಕ್ಕೂ ಮಿಗಿಲು. ಮೂರರಿಂದಲೋ ಹನ್ನೊಂದರಿಂದಲೋ ಒಮ್ಮೆ ಭಾಗಿಸಿದ್ದರೂ ಲೆಕ್ಕ ಸಿದ್ಧವಾಗುತ್ತಿತ್ತು. ಅಷ್ಟೆಲ್ಲ ದಾರಿಗಳಲ್ಲಿ ಎರಡೂ ಬದಿ ವರ್ಗವಾಗುವ, ಅದರಲ್ಲಿಯೂ ೨೧ನ್ನು ಒಂದು ಕಡೆ, ೫೨೯೧ನ್ನು ಇನ್ನೊಂದು ಕಡೆ ಇಡುವ ದಾರಿ ಆಕಸ್ಮಿಕವಾಗಿ ಒದಗಿತೆಂದು ಹೇಳುವುದು ಕಷ್ಟ. ೧೧೧೧೧೧ = ೨೧ × ೫೨೯೧ ಎಂಬುದನ್ನು ಮೊದಲು ಕಂಡುಕೊಂಡು, ಅನಂತರ ಎರಡನ್ನೂ ವರ್ಗಮಾಡಿ ಲೆಕ್ಕವನ್ನು ಕಟ್ಟಿದ್ದಾನೆ ಎಂಬ ಊಹೆಯೇ ಹೆಚ್ಚು ಯುಕ್ತವಾಗಿ ತೋರುತ್ತದೆ.

ಗ್ರಂಥದಲ್ಲಿರುವ ಗುಣಾಕಾರದ ಸೂತ್ರವೂ ಈ ಊಹೆಗೆ ಪೋಷಕವಾಗಿದೆ. ಬಾಗಿಲಿನ ಕದಗಳ ಸಂಧಿಯಂತೆ ಗುಣ್ಯ, ಗುಣಕಗಳನ್ನು ಒಂದರ ಕೆಳಗೊಂದು ಇರಿಸುವ ಕಪಾಟಸಂಧಿ ವಿಧಾನವನ್ನು ಮಹಾವೀರಾಚಾರ್ಯ ಹೇಳುತ್ತಾನೆ. ಅನುಲೋಮವಾಗಿಯೂ ವಿಲೋಮವಾಗಿಯೂ ಗುಣಿಸಬಹುದು. ರಾಶಿಗಳನ್ನು ಇದ್ದಂತೆಯೇ ಇಟ್ಟುಕೊಳ್ಳಬಹುದು; ಇಲ್ಲವೆ ಗುಣ್ಯವನ್ನು ಅದರದೊಂದು ಅಪವರ್ತನದಿಂದ ಭಾಗಿಸಿ ಗುಣಕವನ್ನು ಅದರಿಂದಲೇ ಗುಣಿಸಬಹುದು; ಅಥವಾ ಗುಣಕವನ್ನು ಭಾಗಿಸಿ ಗುಣ್ಯವನ್ನು ಹೆಚ್ಚಿಸಬಹುದು. ಹೀಗೆ ರಾಶಿಯನ್ನು ಖಂಡಗಳಾಗಿ ಒಡೆಯುವುದು ಸೂತ್ರದಲ್ಲಿಯೇ ಸೇರಿದೆ. ಅದನ್ನು ಈ ಲೆಕ್ಕಕ್ಕೆ ಅನ್ವಯಿಸಿದರೆ, ೨೭೯೯೪೬೮೧ನ್ನು ಒಮ್ಮೆ ೨೧ರಿಂದ ಗುಣಿಸಿದಾಗ ೫೮೭೮೮೮೩೦೧ ಬರುತ್ತದೆ. ಇನ್ನೊಮ್ಮೆ ೨೧ರಿಂದ ಗುಣಿಸಿದಾಗ ಹಾರ ಸಿದ್ಧ. ಬೇಕಾದವನು ೯ರಿಂದ ಗುಣಿಸಿ ೨೫೧೯೫೨೧೨೯ನ್ನು ಪಡೆದು, ಅದನ್ನು ಎರಡು ಸಲ ೭ರಿಂದ ಗುಣಿಸಬಹುದು. ಮಾರ್ಗ ಯಾವುದಾದರೂ ಕೊನೆಯ ಹೆಜ್ಜೆಯವರೆಗೆ ಅಂಕಗಳ ಗೊಂದಲವೇ. ಕೊನೆಯಲ್ಲಿ ಮಾತ್ರ ಅವು ಸಾಲುಗಟ್ಟಿ ನಿಲ್ಲುತ್ತವೆ.

ಆರಕ್ಕೇ ಏಕೆ ನಿಲ್ಲಿಸಿದ ಎಂಬುದು ಮುಂದಿನ ಪ್ರಶ್ನೆ. ಒಂಬತ್ತು ಒಂದುಗಳವರೆಗೂ ಈ ಏರಿಳಿತ ಕೆಡುವುದಿಲ್ಲ. ಅದರ ವರ್ಗ ೧೨೩೪೫೬೭೮೯೮೭೬೫೪೩೨೧. ಹದಿನೇಳು ಸ್ಥಾನಗಳ ಈ ಸಂಖ್ಯೆ ಕ್ಷೋಣಿಯ ಸ್ಥಾನವನ್ನಷ್ಟೇ ಮುಟ್ಟುತ್ತದೆ. ಇಪ್ಪತ್ತನಾಲ್ಕು ಹೆಸರುಗಳನ್ನು ಕೈಯಲ್ಲಿಟ್ಟುಕೊಂಡವನಿಗೆ ಹೆಸರಿನ ಕೊರತೆ ಅಡ್ಡಿಯಾಗಿರಲಾರದು. ಉತ್ತರವಿರುವುದು ಅಪವರ್ತನಗಳಲ್ಲಿ. ಐದು ಒಂದುಗಳ ಸಾಲು ೪೧ ಮತ್ತು ೨೭೧ ಎಂದು ಒಡೆಯುತ್ತದೆ. ಏಳರದು ೨೩೯ ಮತ್ತು ೪೬೪೯. ಒಂಬತ್ತರದು ೯, ೩೭ ಮತ್ತು ೩೩೩೬೬೭. ಇವು ಕೈಗೆ ಒಗ್ಗುವ ರಾಶಿಗಳಲ್ಲ. ಆರರ ಸಾಲು ಮಾತ್ರ ನಲವತ್ತಕ್ಕೆ ಕಡಿಮೆಯಾದ ಐದು ಬೇರೆ ಬೇರೆ ಅವಿಭಾಜ್ಯಗಳಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೆ ಕಾರಣ ೧೧೧೧೧೧ ಎಂಬುದು ೧೧೧ ಮತ್ತು ೧೦೦೧ರ ಗುಣಲಬ್ಧವಾಗಿರುವುದು. ೧೦೦೧ ಎಂದರೆ ೭, ೧೧, ೧೩ರ ಗುಣಲಬ್ಧ.

ಈ ೧೦೦೧ನ್ನು ಹಿಡಿದು ಹೊರಟರೆ ಉಳಿದ ಹಾರಗಳ ಗುಟ್ಟೂ ಬಿಚ್ಚಿಕೊಳ್ಳುತ್ತದೆ. ರಾಜಕುಮಾರನ ಹಾರವಾದ ೧೦೦೨೦೦೨೦೦೧ ಎಂಬುದು ೧೦೦೧ ಮತ್ತು ೧೦೦೧೦೦೧ರ ಗುಣಲಬ್ಧ. ಅದರ ಗುಣಕ ೯೧ ಎಂದರೆ ಏಳು ಹದಿಮೂರಲೆ. ಉಳಿದ ಹನ್ನೊಂದು ೧೦೦೧೦೦೧ರೊಡನೆ ಸೇರಿ ೧೧೦೧೧೦೧೧ ಆಗಿದೆ. ೧೪೨೮೫೭೧೪೩ನ್ನು ೭ರಿಂದ ಗುಣಿಸಿ ೧೦೦೦೦೦೦೦೦೧ನ್ನು ಪಡೆಯುವ ಇನ್ನೊಂದು ಲೆಕ್ಕದಲ್ಲಿಯೂ ಗುಣಲಬ್ಧದ ಒಂದು ಅಪವರ್ತನ ೧೦೦೧ ಆಗಿದೆ. ಎಂಟು ಒಂದುಗಳ ಹಾರ ಬೇರೆ ಮನೆತನದ್ದು: ೧೧, ೭೩, ೧೦೧, ೧೩೭ ಅದರ ಅಪವರ್ತನಗಳು; ಅವುಗಳಲ್ಲಿ ೭೩ನ್ನು ಹೊರತೆಗೆದು ಉಳಿದವನ್ನು ೧೫೨೨೦೭ ಎಂದು ಒಟ್ಟುಗೂಡಿಸಿದೆ. ಇಲ್ಲಿಯೂ ಸುಲಭವಾದ ೧೧ನ್ನು ಬಿಟ್ಟು ೭೩ನ್ನು ಆರಿಸಿಕೊಂಡಿರುವುದು ಗಮನಾರ್ಹ. ೧೧ನ್ನು ಆರಿಸಿದ್ದರೆ ಗುಣ್ಯ ೧೦೧೦೧೦೧ ಆಗಿ ಹಾರ ಮೊದಲೇ ಕಾಣುತ್ತಿತ್ತು.

ಇದರಿಂದ ಮಹಾವೀರಾಚಾರ್ಯನಿಗೆ ಅವಿಭಾಜ್ಯ ಅಪವರ್ತನಗಳ ಸಿದ್ಧಾಂತ ತಿಳಿದಿತ್ತೆಂದು ಸಾರುವುದು ಅತಿಯಾದೀತು. ಅಂತಹ ಯಾವ ಸೂತ್ರವನ್ನೂ ಅವನು ಈ ಲೆಕ್ಕಗಳೊಡನೆ ಕೊಟ್ಟಿಲ್ಲ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂಬ ಉತ್ಸಾಹಕ್ಕೆ ಅವನದೇ ಗ್ರಂಥ ತಡೆಯೊಡ್ಡುತ್ತದೆ: ಸೊನ್ನೆಯಿಂದ ಭಾಗಿಸಿದ ರಾಶಿ ಬದಲಾಗದೆ ಉಳಿಯುತ್ತದೆ ಎಂಬ ಅವನ ಮಾತು ತಪ್ಪು. ಅದೇ ಪ್ರಕರಣದಲ್ಲಿ ಋಣರಾಶಿಗೆ ವರ್ಗಮೂಲವಿಲ್ಲ, ಏಕೆಂದರೆ ಅದು ಸ್ವಭಾವತಃ ವರ್ಗವಲ್ಲ ಎಂದು ಅವನು ಕೊಡುವ ಕಾರಣ ಮಾತ್ರ ಸ್ಪಷ್ಟ ಚಿಂತನೆಯಿಂದ ಬಂದದ್ದು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ನ್ಯಾಯ. ಹಾರದ ಸಂಖ್ಯೆಗಳು ಸಿದ್ಧಾಂತದ ಫಲವಲ್ಲದಿದ್ದರೂ, ಸಂಖ್ಯೆಗಳನ್ನು ಒಡೆದು ಜೋಡಿಸಿ ಅವುಗಳ ಸ್ವಭಾವವನ್ನು ಬಹುಕಾಲ ಪರಿಶೀಲಿಸಿದ ಕೈಯ ಫಲ. ಬರಿಯ ವಿನೋದವೆಂದು ಅವನ್ನು ಬದಿಗಿರಿಸುವ ತೀರ್ಮಾನ ಒಪ್ಪತಕ್ಕದ್ದಲ್ಲ.

ಗ್ರಂಥದ ಮುಂದಿನ ಬಾಳು ದಕ್ಷಿಣದಲ್ಲಿಯೇ ನಡೆಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದನು. ವಲ್ಲಭನೆಂಬವನ ಕನ್ನಡ ವ್ಯಾಖ್ಯಾನವೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದು, ಅದುವರೆಗೆ ಸಂಸ್ಕೃತದ ಪಾಲಾಗಿದ್ದ ಶಾಸ್ತ್ರವನ್ನು ಕನ್ನಡ ಬಲ್ಲವರ ಬಳಿಗೆ ತಂದನು. ಮಹಾವೀರಾಚಾರ್ಯನ ಮೂಲ ಅಚ್ಚಾದದ್ದು ೧೯೧೨ರಲ್ಲಿ, ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದ ಆ ಆವೃತ್ತಿಗೆ ಅಮೆರಿಕದ ಗಣಿತ ಚರಿತ್ರಕಾರ ಡೇವಿಡ್ ಯೂಜೀನ್ ಸ್ಮಿತ್ ಪ್ರಸ್ತಾವನೆ ಬರೆದರು. ಸಂಪಾದನೆಗೆ ಒದಗಿದ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗಳಿದ್ದವು. ಒಂದು ಮೂಡಬಿದಿರೆಯಿಂದ ಬಂದಿತ್ತು. ಹೀಗೆ ಸಂಸ್ಕೃತ ಗ್ರಂಥವಾದರೂ ಅದು ಉಳಿದುಬಂದದ್ದು ಬಹುಮಟ್ಟಿಗೆ ಕನ್ನಡದ ಅಕ್ಷರಗಳಲ್ಲಿ. ೧೯೬೩ರಲ್ಲಿ ಲಕ್ಷ್ಮೀಚಂದ್ರ ಜೈನರ ಹಿಂದೀ ಅನುವಾದ ಸೊಲ್ಲಾಪುರದಿಂದ ಹೊರಬಂದಿತು. ಕನ್ನಡ ಅನುವಾದಸಹಿತವಾದ ಪದ್ಮಾವತಮ್ಮನವರ ಆವೃತ್ತಿ ೨೦೦೦ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ನೃಪತುಂಗನ ನಾಡಿನ ಭಾಷೆಗೆ ಅದು ಬರಲು ಸಾವಿರದ ನೂರೈವತ್ತು ವರ್ಷಗಳು ಹಿಡಿದವು.

ಈ ನಡುವೆ ೧೨೩೪೫೬೫೪೩೨೧ ಇನ್ನೊಂದು ಹೆಸರನ್ನೂ ಪಡೆದಿತ್ತು. ಡಹಾಣುವಿನಲ್ಲಿ ಹುಟ್ಟಿ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ (೧೯೦೫-೧೯೮೬) ಅವರಿಗೆ ೧೯೨೩ರ ಸುಮಾರಿಗೆ ಮುಂಬಯಿ ಸಮೀಪದ ಡೊಂಬಿವಲಿ ರೈಲು ನಿಲ್ದಾಣದಲ್ಲಿ ಇಂತಹ ಸಂಖ್ಯೆಗಳ ಆಲೋಚನೆ ಹೊಳೆಯಿತು. ಆ ನಿಲ್ದಾಣದ ಅಂದಿನ ಹೆಸರಾದ ಡೆಮ್ಲೊ ಎಂಬುದನ್ನೇ ಅವರು ಅವುಗಳಿಗೆ ಇಟ್ಟರು. ೧, ೧೨೧, ೧೨೩೨೧ ಎಂದು ಬೆಳೆಯುವ ಅದ್ಭುತ ಡೆಮ್ಲೊ ಸಂಖ್ಯೆಗಳ ಸಾಲಿನಲ್ಲಿ ಆರನೆಯದೇ ಮಹಾವೀರಾಚಾರ್ಯನ ಹಾರ. ಕೇವಲ ಒಂದುಗಳಿಂದಾದ ಸಂಖ್ಯೆಗಳಿಗೆ ಇಂಗ್ಲಿಷಿನಲ್ಲಿ ರಿಪ್ಯುನಿಟ್ ಎಂಬ ಹೆಸರು ಬಂದುದು ಇನ್ನೂ ತಡವಾಗಿ, ೧೯೬೦ರ ದಶಕದಲ್ಲಿ, ಆಲ್ಬರ್ಟ್ ಬೈಲರರ ಗ್ರಂಥದಿಂದ. ಹತ್ತು ಒಂದುಗಳ ವರ್ಗದಲ್ಲಿ ನಡುವಣ ಸ್ಥಾನದ ಮೊತ್ತ ಹತ್ತಾಗಿ ದಶಕ ಏರುವುದರಿಂದ ಅದು ೧೨೩೪೫೬೭೯೦೦೯೮೭೬೫೪೩೨೧ ಎಂದಾಗುತ್ತದೆ. ಹಿಂದುಮುಂದಾಗಿ ಓದಿದರೆ ಒಂದೇ ಆಗುವ ಗುಣ ಅಲ್ಲಿಗೆ ನಿಲ್ಲುತ್ತದೆ.